ನಾಲ್ಕು ಸಲ ಕಟ್ಟಿದ ಮನೆ ಮಾರಾಟಕ್ಕಿದೆ

ಕಳೆದ ಎರಡು ವಾರಗಳಿಂದ ನಾನೊಂದು ಜಾಹೀರಾತು ಬರೆಯಲು ಹೆಣಗುತ್ತಿದ್ದೇನೆ. ಹೈಸ್ಕೂಲಿನಲ್ಲಿ ಮಕ್ಕಳಿಗೆ ಪ್ರಬಂಧ ಬರೆಯಿಸುವ ಮಾಷ್ಟ್ರಿಗೆ ನಾಲ್ಕು ಸಾಲು ಬರೆಯುವುದೂ ಕಷ್ಟವೇ ಎಂದು ಓದುಗರು ನಗಬಹುದು. ಆದರೆ ಮಾರಾಟಕ್ಕಿರುವುದು ನಾನು ಹುಟ್ಟಿದ ಮನೆ. ಕುಂಬಳೆಯಿಂದ ಒಳಗೆ, ಬದಿಯಡ್ಕಕ್ಕೆ ಹೋಗುವ ರಸ್ತೆಯಿಂದ ಎಡಕ್ಕೆ ತಿರುಗಿ ಒಂದು ಮೈಲು ನಡೆದರೆ ಸಿಗುವ ಅರುವತ್ತೆರಡು ಸೆಂಟ್ಸ್ ಜಾಗ, ಅದರಲ್ಲೊಂದು ಮನೆ. ‘ಮನೆ ಸಹಿತ ಜಾಗ ಮಾರಾಟಕ್ಕಿದೆ’ ಎಂದು ಬರೆಯಬೇಕೋ, ‘ಹಳೆಯ ಮನೆಯಿರುವ ಜಾಗ’ ಎಂದು ಬರೆಯಬೇಕೋ ಎಂಬಲ್ಲಿಗೇ ನನ್ನ ಲೇಖನಿ ನಿಂತಿದೆ.

ಮಂಗಳೂರಿನಲ್ಲಿರುವ ಅಣ್ಣ ಫೋನಿನಲ್ಲಿ ಗದರಿದ: “ನೀನು ಕತೆ ಬರೀಬೇಡ ಮಾರಾಯ, ಜಾಹೀರಾತು ಬರಿ. ಅದೂ ಮಲಯಾಳ ಪೇಪರಿಗೆ ಕೊಡು. ಕನ್ನಡ ಓದುವವರು ಯಾರು ಈಗ ಇಲ್ಲಿ ಜಾಗ ತೆಗೊಳ್ಳುವುದು?”

ಅಣ್ಣನ ಮಾತಿಗೆ ಉತ್ತರ ಕೊಡಲು ನನ್ನಿಂದ ಆಗಲಿಲ್ಲ. ಆದುದರಿಂದ ಜಾಹೀರಾತಿಗೆ ಮುಂಚೆ ಈ ಕತೆಯನ್ನೇ ಬರೆದುಬಿಡುತ್ತಿದ್ದೇನೆ. ನಮ್ಮ ಗಡಿನಾಡಿನಲ್ಲಿ ಇಂಥ ಮನೆ ನಮ್ಮದೊಂದೇ ಅಲ್ಲವೆಂಬ ಧೈರ್ಯದಿಂದ.

ಗೇಣಿಯ ಮನೆ, ಸ್ವಂತದ ಮನೆ

ನಮ್ಮ ಅಜ್ಜ ಚಾಲಗೇಣಿಯ ಒಕ್ಕಲು. ಹಳೆಯ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಮೂಲಗೇಣಿ, ಚಾಲಗೇಣಿ ಎಂದು ಎರಡು ಬಗೆ ಇದ್ದದ್ದು ಹಿರಿಯರಿಗೆ ನೆನಪಿರಬಹುದು. ಮೂಲಗೇಣಿಯವನಿಗೆ ಭೂಮಿ ಶಾಶ್ವತ. ಚಾಲಗೇಣಿಯವನು ಧನಿಗಳು ಏಳೆಂದರೆ ಏಳಬೇಕಾದವನು. ಎಬ್ಬಿಸಿದರೆ ಬಿಟ್ಟುಹೋಗಬೇಕಾದ ನೆಲದಲ್ಲಿ ಯಾರು ತಾನೆ ದೊಡ್ಡ ಮನೆ ಕಟ್ಟುತ್ತಾರೆ? ಅಜ್ಜ ಮಣ್ಣಿನ ಗೋಡೆ ಎಬ್ಬಿಸಿ ಮುಳಿಹುಲ್ಲು ಹೊದೆಸಿದರು. ಅದೇ ಮೊದಲ ಮನೆ. ಒಂದು ಚಾವಡಿ, ಒಂದು ನಡುಮನೆ, ಹೊಗೆ ತುಂಬಿದ ಅಡಿಗೆ ಕೋಣೆ, ಮೇಲೆ ಅಟ್ಟ. ನೆಲಕ್ಕೆ ಸೆಗಣಿ ಸಾರಣೆ. ವರ್ಷಕ್ಕೊಮ್ಮೆ ಹುಲ್ಲು ಬದಲಿಸುವ ದಿನ ನೆರೆಕರೆಯವರೆಲ್ಲ ಸೇರುತ್ತಿದ್ದರಂತೆ.

ಐವತ್ತರ ದಶಕದಲ್ಲಿ ಅಡಿಕೆಗೆ ಸ್ವಲ್ಪ ಕ್ರಯ ಬಂದಾಗ ಅಜ್ಜ ಹುಲ್ಲು ತೆಗೆದು ಹಂಚು ಹಾಕಿಸಿದರು. ಹಂಚು ಮಂಗಳೂರಿನದು. ಬಾಸೆಲ್ ಮಿಶನಿನ ಪ್ಲೆಬ್ಸ್ಟ್ ಎಂಬವರು 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದ ಮೇಲೆ ಕರಾವಳಿಯ ಮಾಡುಗಳ ಬಣ್ಣವೇ ಬದಲಾದುದು ಚರಿತ್ರೆ. 1907ರಲ್ಲಿ ರೈಲು ಮಂಗಳೂರನ್ನು ಮುಟ್ಟಿದ ಬಳಿಕ ನಮ್ಮ ಕಡೆಗೆ ಹಂಚು ತರುವುದು ಸುಲಭವಾಯಿತು. ನಮ್ಮ ಹಂಚು ಕುಂಬಳೆ ಸ್ಟೇಶನಿನಲ್ಲಿ ಇಳಿದು ಎತ್ತಿನ ಗಾಡಿಯಲ್ಲಿ ಬಂತೆಂದು ಅಜ್ಜಿ ಹೇಳುತ್ತಿದ್ದರು. ಹಂಚಿನ ಭಾರ ಮಣ್ಣಿನ ಗೋಡೆ ತಾಳದೆಂದು ಎದುರಿನ ಗೋಡೆಯನ್ನು ಮುರಕಲ್ಲಿನಿಂದ ಪುನಃ ಕಟ್ಟಿಸಿದರು. ನೆಲದೊಳಗೆ ಮೆತ್ತಗಿದ್ದು, ಕಡಿದು ಗಾಳಿಗೆ ಇಟ್ಟರೆ ಗಟ್ಟಿಯಾಗುವ ಕಲ್ಲು ಅದು. ಇದು ಎರಡನೆಯ ಮನೆ. ಆ ಹೊತ್ತಿಗೆ, 1956ರ ನವೆಂಬರ್ 1ರಂದು, ಮನೆ ಇದ್ದಲ್ಲೇ ಇದ್ದು ರಾಜ್ಯ ಮಾತ್ರ ಬದಲಾಗಿತ್ತು.

ಮೂರನೆಯ ಮನೆಗೆ ಕಾರಣ ಒಂದು ಕಾನೂನು. ಕೇರಳದ ಭೂಸುಧಾರಣಾ ಕಾಯಿದೆ 1963ರದ್ದಾದರೂ ಅದರ ಬಿಸಿ ತಟ್ಟಿದ್ದು ತಿದ್ದುಪಡಿ ಜಾರಿಯಾದ 1970ರ ಜನವರಿ 1ರಿಂದ. ಒಕ್ಕಲುಗಳ ಕೈಯಲ್ಲಿದ್ದ ಭೂಮಿಯ ಮೇಲಿನ ಧನಿಗಳ ಹಕ್ಕು ಅಂದು ಸರಕಾರಕ್ಕೆ ಸೇರಿತು. ಒಕ್ಕಲುಗಳು ಲ್ಯಾಂಡ್ ಟ್ರಿಬ್ಯೂನಲಿಗೆ ಅರ್ಜಿ ಕೊಟ್ಟು ಪಟ್ಟಯ ಪಡೆದರು. ನಮ್ಮ ಮನೆಗೆ ಪಟ್ಟಯ ಬಂದ ದಿನ ಅಜ್ಜ ಅಂಗಳದಲ್ಲಿ ಕುಳಿತು ಆ ಕಾಗದವನ್ನು ಅಪ್ಪನ ಕೈಯಲ್ಲಿ ಮೂರು ಸಲ ಓದಿಸಿದರಂತೆ. ಕಾಗದ ಮಲಯಾಳದಲ್ಲಿತ್ತು. ಅಪ್ಪನಿಗೆ ಆಗ ಮಲಯಾಳ ಅಕ್ಷರ ಕೂಡಿಸಿ ಕೂಡಿಸಿ ಓದಲು ಮಾತ್ರ ಬರುತ್ತಿತ್ತು. ಅಜ್ಜನಿಗೆ ಅಷ್ಟೂ ಬಾರದು.

ನೆಲ ನಮ್ಮದೆಂದಾದ ಮೇಲೆ ಅಪ್ಪ ಸಾರಣೆ ನೆಲಕ್ಕೆ ಸಿಮೆಂಟ್ ಹಾಕಿಸಿ ಕೆಂಪು ಬಣ್ಣ ತಿಕ್ಕಿಸಿದರು. ನಡುಮನೆಗೆ ಹಲಸಿನ ಹಲಗೆಯ ಮುಚ್ಚಿಗೆ ಬಂತು. ಚಾವಡಿಗೆ ಎರಡು ಮರದ ಕಂಬ. ಆ ಕೆಂಪು ನೆಲದಲ್ಲಿ ಕುಳಿತೇ ನಾನು ಕಾಗುಣಿತ ಕಲಿತದ್ದು. ನಾನು ಹೇಳುವ ‘ನಮ್ಮ ಮನೆ’ ಈ ಮೂರನೆಯದು. ಆದರೆ ಈಗ ಮಾರಾಟಕ್ಕಿರುವುದು ನಾಲ್ಕನೆಯದು.

ಕೊಲ್ಲಿಯ ಹಣ ಬಂದಾಗ

ಅಣ್ಣ 1992ರಲ್ಲಿ ದುಬಾಯಿಗೆ ಹೋದ. ಮೂರು ವರ್ಷ ಕಳೆದು ಊರಿಗೆ ಬಂದವನು ಮೊದಲು ಮಾಡಿದ ಕೆಲಸ ಚಾವಡಿ ಕೆಡವಿಸಿದ್ದು. ಅವನನ್ನು ದೂಷಿಸಲು ನಾನು ಇದನ್ನು ಬರೆಯುತ್ತಿಲ್ಲ. ಆ ವರ್ಷಗಳಲ್ಲಿ ಕಾಸರಗೋಡಿನಲ್ಲಿ ಕೊಲ್ಲಿಗೆ ಹೋದ ಮಗನಿರುವ ಮನೆಗೆ ಎದುರು ಟಾರಸಿ ಇಲ್ಲದಿದ್ದರೆ ನೆಂಟರು ಬಂದು “ಹುಡುಗನಿಗೆ ಅಲ್ಲಿ ಕೆಲಸ ಸರಿ ಉಂಟಲ್ಲ?” ಎಂದು ಕೇಳುತ್ತಿದ್ದರು. ತಂಗಿಯ ಮದುವೆ ಮಾತುಕತೆಗೆ ಬರುವವರು ಮೊದಲು ನೋಡುತ್ತಿದ್ದುದೇ ಮನೆಯ ಎದುರು ಭಾಗವನ್ನು. ಎರಡು ಕಂಬಗಳು ಹಟ್ಟಿಗೆ ಹೋದುವು. ಅವುಗಳ ಸ್ಥಾನದಲ್ಲಿ ಸಿಮೆಂಟಿನ ಕಂಬ, ಕಬ್ಬಿಣದ ಗ್ರಿಲ್, ಮೊಸಾಯಿಕ್ ನೆಲದ ಸಿಟೌಟ್, ಮೇಲೆ ಎರಡು ಕೋಣೆ. ಹಿಂದೆ ಮಾತ್ರ ಅದೇ ಹಂಚಿನ ಮಾಡು, ಅದೇ ನಡುಮನೆ. ದಾರಿಯಲ್ಲಿ ನಿಂತು ನೋಡಿದರೆ ಹೊಸ ಮನೆ; ಹಿತ್ತಿಲಲ್ಲಿ ನಿಂತರೆ ಅಜ್ಜನ ಮನೆ.

ಟಾರಸಿಯೂ ಹಂಚೂ ಕೂಡುವಲ್ಲಿ ಮೊದಲ ಮಳೆಗಾಲದಲ್ಲೇ ನೀರು ಇಳಿಯಿತು. ವರ್ಷಕ್ಕೆ 3,000 ಮಿಲ್ಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ನಾಡು ನಮ್ಮದು. ಹಂಚಿನ ಮಾಡಿನಿಂದ ಜಾರಿದ ನೀರೆಲ್ಲ ಕಾಂಕ್ರೀಟಿನ ಗೋಡೆಗೆ ಬಡಿದು ಅಲ್ಲೇ ನಿಲ್ಲುತ್ತದೆ. ತಗಡಿನ ಓಣಿ ಇಟ್ಟದ್ದಾಯಿತು, ಟಾರು ಬಳಿದದ್ದಾಯಿತು. ಬಳಿಕ ಮುರಕಲ್ಲಿನ ಗೋಡೆಗೆ ಒಳಗೂ ಹೊರಗೂ ಸಿಮೆಂಟ್ ಗಾರೆ ಮಾಡಿಸಿದೆವು. ಹಳೆಯ ಸುಣ್ಣದ ಗಾರೆಯಾದರೆ ಗೋಡೆ ಹೀರಿದ ತೇವ ಬಿಸಿಲಿಗೆ ಹೊರಗೆ ಹೋಗುತ್ತಿತ್ತು. ಸಿಮೆಂಟಿನೊಳಗೆ ಅದು ಸಿಕ್ಕಿಹಾಕಿಕೊಂಡು ಆಗಸ್ಟಿನಲ್ಲಿ ಗೋಡೆ ಬೆವರಲು ತೊಡಗಿತು. ಟಾರಸಿಯ ಸೋರಿಕೆ ತಡೆಯಲು ಅದರ ಮೇಲೊಂದು ತಗಡಿನ ಮಾಡು. ಕೊನೆಗೆ 2012ರಲ್ಲಿ ಅಕ್ಕನ ಒತ್ತಾಯಕ್ಕೆ ಅಪ್ಪನ ಕೆಂಪು ನೆಲದ ಮೇಲೆಯೇ ಹೊಳೆಯುವ ಟೈಲ್ಸ್. ನೆಲ ಒಂದೂವರೆ ಇಂಚು ಏರಿತು. ಬಾಗಿಲುಗಳ ಬುಡ ಕತ್ತರಿಸಬೇಕಾಯಿತು. ಅಮ್ಮ ಎರಡು ವರ್ಷಗಳ ಹಿಂದೆ ಜಾರಿಬಿದ್ದು ಸೊಂಟ ಮುರಿದುಕೊಂಡದ್ದು ಆ ಟೈಲ್ಸಿನ ಮೇಲೆ.

ಆ ಬಳಿಕ ಅಮ್ಮ ಶಾಲೆಯ ಬಳಿ ನನ್ನ ಬಾಡಿಗೆ ಮನೆಯಲ್ಲಿದ್ದಾರೆ. ಅಣ್ಣ ಕೊಲ್ಲಿಯಿಂದ ಮರಳಿ ಮಂಗಳೂರಿನಲ್ಲಿ ಫ್ಲ್ಯಾಟು ಕೊಂಡ. ಅಕ್ಕ ಬೆಂಗಳೂರಿನಲ್ಲಿ, ತಂಗಿ ಪುತ್ತೂರಿನಲ್ಲಿ. ಮನೆಯಲ್ಲಿ ಈಗ ದೀಪ ಹಚ್ಚಲು ಜನವಿಲ್ಲ.

ಖರ್ಚು ಮಾಡಿದ್ದಕ್ಕೆ ಬೆಲೆ ಇಲ್ಲ

ದಲ್ಲಾಳಿಯೊಬ್ಬರು ಬಂದು ನೋಡಿದರು. ಅವರು ಮನೆಯೊಳಗೆ ನಿಂತದ್ದು ಐದು ನಿಮಿಷ. ಜಾಗದ ಗಡಿ ಸುತ್ತಿದ್ದು ಅರ್ಧ ಗಂಟೆ. ಕೊನೆಗೆ ಹೇಳಿದರು: “ಮಾಷ್ಟ್ರೇ, ಬೇಜಾರು ಮಾಡ್ಕೊಳ್ಬೇಡಿ. ನಾನು ಸೆಂಟಿಗೆ ಲೆಕ್ಕ ಹಾಕುದು. ಮನೆಗೆ ಏನೂ ಇಲ್ಲ. ತೆಗೊಂಡವರು ಹೇಗೂ ಜೆಸಿಬಿ ತರ್ತಾರೆ.”

ಅಣ್ಣನಿಗೆ ಇದು ಸಹಿಸಲಾಗಲಿಲ್ಲ. ಅವನು ಹಾಕಿದ ಹಣದ ಲೆಕ್ಕ ಇಂದಿಗೂ ಅವನ ಡೈರಿಯಲ್ಲಿದೆ. ಆದರೆ ವಿಚಾರಿಸಿ ನೋಡಿದಾಗ ದಲ್ಲಾಳಿ ಹೇಳಿದ್ದು ಊರಿಗೆಲ್ಲ ಅನ್ವಯಿಸುವ ಮಾತೆಂದು ತಿಳಿಯಿತು. ಪೂರ್ತಿ ಹಳೆಯದಾಗಿ ಉಳಿದ ಮನೆಗೆ ಒಂದು ಬಗೆಯ ಗಿರಾಕಿ ಇದ್ದಾರೆ: ಮುಚ್ಚಿಗೆ, ಬಾಗಿಲು, ಕಂಬ, ಹಂಚುಗಳನ್ನು ಬಿಡಿಸಿ ಒಯ್ಯುವವರು. ಪೂರ್ತಿ ಹೊಸತಾದ ಮನೆಗೆ ವಾಸಕ್ಕೆ ಬರುವ ಗಿರಾಕಿ ಇದ್ದಾರೆ. ಅರ್ಧ ಹಳತು, ಅರ್ಧ ಹೊಸತಾದ ಮನೆ ಇಬ್ಬರಿಗೂ ಬೇಡ. ಮೂವತ್ತು ವರ್ಷಗಳಲ್ಲಿ ನಾವು ಒಬ್ಬೊಬ್ಬರೂ ನಮ್ಮ ನಮ್ಮ ಮನಸ್ಸಿಗೆ ಕಂಡ ಹಾಗೆ ರಿಪೇರಿ ಮಾಡಿದೆವು. ಒಮ್ಮೆಯಾದರೂ ನಾಲ್ವರು ಒಟ್ಟಿಗೆ ಕುಳಿತು ಈ ಮನೆಯಲ್ಲಿ ಮುಂದೆ ಯಾರು ಇರುವುದೆಂದು ಮಾತಾಡಲಿಲ್ಲ. ರಿಪೇರಿಗೆ ಕೈಹಾಕಲಿರುವ ಓದುಗರಿಗೆ ನಮ್ಮ ಅನುಭವದಿಂದ ಹೇಳಬಹುದಾದುದು ಇಷ್ಟೇ: ಮೇಸ್ತ್ರಿಯನ್ನು ಕರೆಯುವ ಮೊದಲು ಒಡಹುಟ್ಟಿದವರನ್ನು ಕರೆಯಿರಿ.

ಹೆಸರಾಂತವರ ಮನೆಗಳಿಗಾದರೆ ಬೇರೆ ದಾರಿ ತೆರೆಯುತ್ತದೆ. ಮೈಸೂರಿನ ಯಾದವಗಿರಿಯಲ್ಲಿದ್ದ ಆರ್. ಕೆ. ನಾರಾಯಣ್ ಅವರ ಮನೆಯನ್ನು 2011ರಲ್ಲಿ ಕೆಡವಲು ಆರಂಭಿಸಿದಾಗ ಸಾರ್ವಜನಿಕರು ದನಿಯೆತ್ತಿದರು; ಕೆಲಸ ನಿಂತಿತು; ನಗರಪಾಲಿಕೆ ಆ ಮನೆಯನ್ನು ಕೊಂಡು ದುರಸ್ತಿ ಮಾಡಿಸಿತು; 2016ರಲ್ಲಿ ಅದು ವಸ್ತುಸಂಗ್ರಹಾಲಯವಾಯಿತು. ನಮ್ಮ ಮಂಜೇಶ್ವರದಲ್ಲಿಯೇ ರಾಷ್ಟ್ರಕವಿ ಗೋವಿಂದ ಪೈಗಳ ಮನೆ ‘ಗಿಳಿವಿಂಡು’ ಎಂಬ ಹೆಸರಿನ ಸ್ಮಾರಕವಾಗಿ ಉಳಿದಿದೆ. ಪೈಗಳು ತೀರಿಹೋದದ್ದು 1963ರಲ್ಲಿ. ಆ ಮನೆಯನ್ನು ಉಳಿಸಲು ಎಷ್ಟು ಮಂದಿ ಎಷ್ಟು ವರ್ಷ ಓಡಾಡಿದರೆಂಬುದು ಕಾಸರಗೋಡಿನ ಕನ್ನಡಿಗರಿಗೆ ಗೊತ್ತಿದೆ. ಇನ್ನು ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಬೀಳಲಿದ್ದ ಹಳೆಯ ಮನೆಗಳನ್ನು ಕಳಚಿ ತಂದು, ತುಂಡು ತುಂಡಾಗಿ ಜೋಡಿಸಿ ‘ಹಸ್ತಶಿಲ್ಪ’ ಕಟ್ಟಿದರು. ಬ್ಯಾಂಕಿನಲ್ಲಿ ನೌಕರಿಯಲ್ಲಿದ್ದ ಒಬ್ಬ ಮನುಷ್ಯನ ಹಠ ಅದು. ಮಕ್ಕಳನ್ನು ಅಲ್ಲಿಗೆ ಪ್ರವಾಸ ಕರೆದುಕೊಂಡು ಹೋದಾಗ ಒಂದು ಚಾವಡಿಯ ಕಂಬ ಕಂಡು, ಹಟ್ಟಿಯಲ್ಲಿ ಗೆದ್ದಲು ಹಿಡಿಯುತ್ತಿದ್ದ ನಮ್ಮ ಎರಡು ಕಂಬಗಳ ನೆನಪಾಗಿ ನಾಚಿಕೆಯಾಯಿತು.

ಆದರೆ ನಮ್ಮ ಮನೆಯಲ್ಲಿ ಕವಿ ಹುಟ್ಟಿಲ್ಲ. ಕಳಚಿ ಒಯ್ಯುವಂಥ ಕೆತ್ತನೆಯೂ ಇಲ್ಲ. ಗಡಿನಾಡಿನ ಸಾವಿರಾರು ಮನೆಗಳಂತೆ ಅದಕ್ಕಿರುವುದು ಮಾರಾಟದ ದಾರಿಯೊಂದೇ.

ಕಪಾಟಿನ ಕಾಗದಗಳು

ಮಾರಾಟವೆಂದರೆ ಮೊದಲು ಕಾಗದ. ಅಪ್ಪನ ಕಪಾಟು ತೆರೆದಾಗ ಸಿಕ್ಕಿದ್ದು ಎರಡು ಕಟ್ಟು. ಒಂದರಲ್ಲಿ ಚಾಲಗೇಣಿ ಚೀಟುಗಳು, ಶುದ್ಧ ಕನ್ನಡದಲ್ಲಿ, ಮಸಿಯ ಕೈಬರಹದಲ್ಲಿ. ಇನ್ನೊಂದರಲ್ಲಿ ಪಟ್ಟಯ ಮತ್ತು ಅನಂತರದ ರಶೀದಿಗಳು, ಮಲಯಾಳದಲ್ಲಿ. ಕೊಳ್ಳಲು ಬಂದವರೊಬ್ಬರ ಪರವಾಗಿ ಕಾಗದ ನೋಡಿದ ವಕೀಲರು ಕನ್ನಡದ ಕಟ್ಟನ್ನು ಹಾಗೆಯೇ ಮರಳಿಸಿ ‘ತರ್ಜುಮೆ ಬೇಕು’ ಎಂದರು. ಅಜ್ಜನಿಗೆ ಪಟ್ಟಯ ಓದಲು ಬರಲಿಲ್ಲ. ಇವರಿಗೆ ಅಜ್ಜನ ಚೀಟು ಓದಲು ಬರುವುದಿಲ್ಲ. ಎರಡನ್ನೂ ಓದಬಲ್ಲ ತಲೆಮಾರು ನಮ್ಮದೇ ಕೊನೆಯದಾಗಬಾರದೆಂದು ಮಾತ್ರ ಹಾರೈಸುತ್ತೇನೆ.

ಇದೇ ಸ್ಥಿತಿಯಲ್ಲಿರುವ ಓದುಗರಿಗಾಗಿ ನಾಲ್ಕು ಮಾತು. ಪಟ್ಟಯ ಅಥವಾ ಆಧಾರ, ಚಾಲ್ತಿ ವರ್ಷದ ಭೂಕಂದಾಯ ರಶೀದಿ, ಕೈವಶ ಸರ್ಟಿಫಿಕೇಟು, ಬಾಧ್ಯತೆಯ ಇ.ಸಿ. ಇಷ್ಟನ್ನು ಮೊದಲೇ ಕೂಡಿಸಿಡಬೇಕು. ಜಾಗ ಇನ್ನೂ ತೀರಿಹೋದವರ ಹೆಸರಿನಲ್ಲೇ ಇದ್ದರೆ ವಾರಸುದಾರರ ಹೆಸರಿಗೆ ಪೋಕ್ಕುವರವು ಮಾಡಿಸದೆ ಮುಂದೆ ಹೋಗುವಂತಿಲ್ಲ. ಅಳಿಯಸಂತಾನದ ಕುಟುಂಬಗಳಲ್ಲಿ ಕೆಲವರು ಈಗಲೂ ‘ಯಜಮಾನರು ಸಹಿ ಹಾಕಿದರೆ ಸಾಕು’ ಎಂದುಕೊಂಡಿರುವುದುಂಟು. ಕೇರಳದಲ್ಲಿ ಹಿಂದೂ ಅವಿಭಕ್ತ ಕುಟುಂಬ ಪದ್ಧತಿ 1976ರ ಡಿಸೆಂಬರ್ 1ರಿಂದ ರದ್ದಾಗಿದೆ. ಪಾಲುದಾರರೆಲ್ಲರ ಸಹಿ ಬೇಕು. ದಾಖಲೆಯಲ್ಲಿ ‘ನಿಲಂ’ ಎಂದಿರುವ ಗದ್ದೆಯನ್ನು 2008ರ ಕಾಯಿದೆಯ ಪ್ರಕಾರ ಅನುಮತಿಯಿಲ್ಲದೆ ಮಣ್ಣು ತುಂಬಿಸಿ ಮನೆಯಡಿಯಾಗಿ ಮಾಡುವಂತಿಲ್ಲ. ನಮ್ಮ ಅರುವತ್ತೆರಡರಲ್ಲಿ ಹನ್ನೆರಡು ಸೆಂಟ್ಸ್ ಅಂಥದ್ದು. ಅದನ್ನು ಮುಚ್ಚಿಟ್ಟು ಮಾರುವುದು ಮೋಸ. ನೋಂದಣಿಯ ಹೊತ್ತಿಗೆ ಮುದ್ರಾಂಕ ಶುಲ್ಕ ಶೇಕಡಾ 8, ನೋಂದಣಿ ಶುಲ್ಕ ಶೇಕಡಾ 2. ಅಂದರೆ 40 ಲಕ್ಷದ ವ್ಯವಹಾರಕ್ಕೆ ಕೊಳ್ಳುವವನು 4 ಲಕ್ಷ ಬೇರೆ ತೆಗೆದಿಡಬೇಕು. ಇದನ್ನು ಲೆಕ್ಕ ಹಾಕಿಯೇ ಅವನು ನಮ್ಮೊಡನೆ ಚೌಕಾಶಿ ಮಾಡುತ್ತಾನೆಂದು ಮಾರುವವರು ತಿಳಿದಿರಬೇಕು.

ಇನ್ನೊಂದು ಮಾತು. ಕೇರಳದ 1969ರ ಆಡಳಿತ ಭಾಷಾ ಕಾಯಿದೆ ಕನ್ನಡ ಅಲ್ಪಸಂಖ್ಯಾತರಿಗೆ ಸರಕಾರದೊಡನೆ ತಮ್ಮ ಭಾಷೆಯಲ್ಲಿ ಪತ್ರವ್ಯವಹಾರ ಮಾಡುವ ಹಕ್ಕು ಕೊಟ್ಟಿದೆ. ಪೋಕ್ಕುವರವಿನ ವಿಷಯವಾಗಿ ನಾನು ಬರೆದುಕೊಟ್ಟ ವಿವರಣೆ ಕನ್ನಡದಲ್ಲೇ ಇತ್ತು; ಅದನ್ನು ತೆಗೆದುಕೊಂಡರು. ಬಳಸದ ಹಕ್ಕು ತುಕ್ಕು ಹಿಡಿಯುತ್ತದೆ.

ಕೆಳಗಿನ ಮನೆಗಳ ನೀರು

ಎಲ್ಲಕ್ಕಿಂತ ಕಷ್ಟದ ಪ್ರಶ್ನೆ ಬಂದದ್ದು ಕಾಗದದಿಂದಲ್ಲ, ಸುರಂಗದಿಂದ. ನಮ್ಮ ಮನೆಯ ಹಿಂದಿನ ಗುಡ್ಡದಲ್ಲಿ ಅಜ್ಜ ಕೊರೆಯಿಸಿದ ಒಂದು ಸುರಂಗವಿದೆ. ಮುರಕಲ್ಲಿನ ಗುಡ್ಡವನ್ನು ಅಡ್ಡಕ್ಕೆ ಕೊರೆದು, ಒಸರುವ ನೀರನ್ನು ಪಂಪಿಲ್ಲದೆ ಹೊರಗೆ ಹರಿಯಿಸುವ ಈ ವಿದ್ಯೆ ಕಾಸರಗೋಡು ಹಾಗೂ ಅದಕ್ಕೆ ತಾಗಿದ ದಕ್ಷಿಣ ಕನ್ನಡದ ಹಳ್ಳಿಗಳ ಹೆಮ್ಮೆ. ನಮ್ಮ ಸುರಂಗದ ನೀರು ಮೊದಲು ಮಣ್ಣಿನ ಮದಕಕ್ಕೆ ಬೀಳುತ್ತದೆ. ಮಿಕ್ಕಿದ್ದು ಕೆಳಗಿನ ಎರಡು ಮನೆಗಳಿಗೆ ಹೋಗುತ್ತದೆ. ಹಿಂದೆ ಅಡಿಕೆ ಮರದ ದಂಬೆಯಲ್ಲಿ ಹೋಗುತ್ತಿತ್ತು, ಈಗ ಪಿವಿಸಿ ಪೈಪಿನಲ್ಲಿ. ಯಾವ ಕಾಗದದಲ್ಲೂ ಇದರ ಬಗ್ಗೆ ಒಂದಕ್ಷರವಿಲ್ಲ. ಅಜ್ಜನ ಕಾಲದ ಬಾಯಿಮಾತು.

ಮಾರಾಟದ ಸುದ್ದಿ ತಿಳಿಸಿದ ದಿನ ಅಮ್ಮ ಅತ್ತಾರೆಂದು ನಾನು ಹೆದರಿದ್ದೆ. ಅವರು ಅಳಲಿಲ್ಲ. ಕೇಳಿದ್ದು ಒಂದೇ: “ಕೆಳಗಿನವರ ನೀರಿನದ್ದು ಎಂತ ಮಾಡ್ತಿ?”

ನನಗೆ ಅದುವರೆಗೆ ಆ ಯೋಚನೆಯೇ ಬಂದಿರಲಿಲ್ಲ. ಹೊಸಬರು ಗುಡ್ಡ ಸಮತಟ್ಟು ಮಾಡಿ ಸುರಂಗದ ಬಾಯಿ ಮುಚ್ಚಿದರೆ ಕೇಳುವವರಾರು? ವಕೀಲರೊಬ್ಬರನ್ನು ಕಂಡೆ. ದೀರ್ಘಕಾಲದಿಂದ ನೀರು ಪಡೆಯುತ್ತ ಬಂದವರಿಗೆ 1882ರ ಈಸ್‌ಮೆಂಟ್ ಕಾಯಿದೆಯಲ್ಲಿ ರಕ್ಷಣೆ ಸಿಗಬಹುದು, ಆದರೆ ಕೋರ್ಟಿನಲ್ಲಿ ಅದನ್ನು ರುಜುವಾತುಪಡಿಸುವುದಕ್ಕಿಂತ ಕ್ರಯಪತ್ರದಲ್ಲೇ ಸ್ಪಷ್ಟವಾಗಿ ಬರೆಯುವುದು ಲೇಸು ಎಂದು ಅವರು ಹೇಳಿದರು. ಹಾಗೆಯೇ ಕರಡಿನಲ್ಲಿ ಸೇರಿಸಿದೆ: ಸುರಂಗವನ್ನು ಮುಚ್ಚತಕ್ಕದ್ದಲ್ಲ, ಮಿಕ್ಕ ನೀರು ಹಿಂದಿನಂತೆ ಕೆಳಗಿನ ಎರಡು ಮನೆಗಳಿಗೆ ಹೋಗತಕ್ಕದ್ದು. ಮುಂಗಡ ಕೊಡಲು ತಯಾರಾಗಿದ್ದ ಗಿರಾಕಿ ಈ ಸಾಲು ಓದಿ ಹಿಂದೆ ಸರಿದರು. ಅಣ್ಣ ಮೂರು ದಿನ ಫೋನ್ ಮಾಡಲಿಲ್ಲ. ನಾಲ್ಕನೆಯ ದಿನ ಮಾಡಿದವನು ತಾನಾಗಿಯೇ ಹೇಳಿದ: “ಸಣ್ಣದಿರುವಾಗ ನಾವು ಆ ಸುರಂಗದೊಳಗೆ ಅಡಗಿ ಕೂತದ್ದು ನೆನಪುಂಟಾ? ಆ ಸಾಲು ಇರಲಿ. ಸೆಂಟಿಗೆ ಸ್ವಲ್ಪ ಕಡಿಮೆ ಬಂದರೂ ಅಡ್ಡಿಲ್ಲ.”

ನೀವೇ ಮಾರಿದರೆ?

ಇನ್ನೊಂದು ವಿಷಯ ಹೇಳದೆ ಮುಗಿಸಿದರೆ ಪ್ರಾಮಾಣಿಕತೆ ಎನಿಸದು. ಕೇರಳದ ಶಾಲೆಗಳಲ್ಲಿ ಜೂನ್ ತಿಂಗಳ ಆರನೆಯ ಕೆಲಸದ ದಿನ ಮಕ್ಕಳ ತಲೆ ಎಣಿಸುತ್ತಾರೆ. ಆ ದಿನದ ಸಂಖ್ಯೆಯ ಮೇಲೆ ಡಿವಿಜನ್ ಉಳಿಯುವುದು, ಅಧ್ಯಾಪಕರ ಹುದ್ದೆ ಉಳಿಯುವುದು. ಪ್ರತಿ ವರ್ಷ ಮೇ ತಿಂಗಳಲ್ಲಿ ನಾವು ಮನೆಮನೆಗೆ ಹೋಗಿ, ಮಕ್ಕಳನ್ನು ಕನ್ನಡ ಮಾಧ್ಯಮಕ್ಕೆ ಕಳುಹಿಸಿ, ಊರು ಬಿಟ್ಟು ಹೋಗಬೇಡಿ ಎಂದು ಬೇಡಿಕೊಳ್ಳುತ್ತೇವೆ. ಒಂದು ಕನ್ನಡದ ಕುಟುಂಬ ಮನೆ ಮಾರಿ ಹೋಯಿತೆಂದರೆ ನನ್ನ ಹಾಜರಿ ಪುಸ್ತಕದಲ್ಲಿ ಎರಡು ಹೆಸರಿಗೆ ಅಡ್ಡಗೆರೆ ಬಿತ್ತೆಂದೇ ಲೆಕ್ಕ.

ಮೊನ್ನೆ ರಕ್ಷಕರ ಸಭೆ ಮುಗಿದ ಮೇಲೆ ಒಬ್ಬ ತಾಯಿ ಬಳಿಗೆ ಬಂದು ಮೆಲ್ಲಗೆ ಕೇಳಿದರು: “ಮಾಷ್ಟ್ರೇ, ನೀವೇ ಮಾರಿದರೆ ನಾವೆಂತ ಮಾಡುದು?”

ನಾನು ಊರು ಬಿಡುತ್ತಿಲ್ಲ, ಶಾಲೆಯ ಹತ್ತಿರವೇ ಹತ್ತು ಸೆಂಟ್ಸ್ ತೆಗೆದುಕೊಂಡು ಸಣ್ಣದೊಂದು ಮನೆ ಕಟ್ಟುತ್ತೇನೆ ಎಂದೆ. ಅದು ಸತ್ಯ. ಆದರೂ ಅವರ ಪ್ರಶ್ನೆಗೆ ಅದು ಪೂರ್ತಿ ಉತ್ತರವಲ್ಲವೆಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ನಾಲ್ಕು ಪಾಲಿನ ಮನೆಯನ್ನು ಒಬ್ಬ ಮಾಷ್ಟ್ರ ಸಂಬಳದಲ್ಲಿ ಉಳಿಸಿಕೊಳ್ಳಲಾಗದು. ಮುಚ್ಚಿಟ್ಟರೆ ಮಳೆ ಅದನ್ನು ಐದು ವರ್ಷಗಳಲ್ಲಿ ತಿಂದುಮುಗಿಸುತ್ತದೆ. ಯಾರಾದರೂ ಬಂದು ವಾಸಿಸುವುದೇ ಮನೆಗೆ ಒಳ್ಳೆಯದು, ಅವರ ಮನೆಮಾತು ಯಾವುದೇ ಆಗಿರಲಿ. ಹಟ್ಟಿಯ ಆ ಎರಡು ಕಂಬಗಳನ್ನು ಮಾತ್ರ ಮಾರುವುದಿಲ್ಲ. ಗೆದ್ದಲು ಹಿಡಿದ ಬುಡ ಕತ್ತರಿಸಿ ತೆಗೆದರೂ ಹೊಸ ಮನೆಯ ಜಗಲಿಗೆ ಸಾಲುವಷ್ಟು ಎತ್ತರ ಉಳಿಯುತ್ತದೆಂದು ಆಚಾರಿ ಅಳೆದು ಹೇಳಿದ್ದಾರೆ.

ಕೊನೆಗೂ ನಿನ್ನೆ ರಾತ್ರಿ ಜಾಹೀರಾತು ಬರೆದು ಮುಗಿಸಿದೆ. ಮಲಯಾಳ ಪತ್ರಿಕೆಗೊಂದು, ಇದೇ ಪತ್ರಿಕೆಗೊಂದು. ಎರಡರಲ್ಲೂ ಒಂದೇ ಒಕ್ಕಣೆ. ಅದು ಹೀಗಿದೆ:

‘ಕುಂಬಳೆ–ಬದಿಯಡ್ಕ ರಸ್ತೆಯಿಂದ ಒಂದು ಮೈಲು ಒಳಗೆ 62 ಸೆಂಟ್ಸ್ ಜಾಗ ಹಾಗೂ ಮನೆ ಮಾರಾಟಕ್ಕಿದೆ. ಇದರಲ್ಲಿ 12 ಸೆಂಟ್ಸ್ ಗದ್ದೆ. ಎದುರು ಟಾರಸಿ, ಹಿಂದೆ ಹಂಚು. ಕೂಡುವಲ್ಲಿ ಮಳೆಗಾಲಕ್ಕೆ ಸೋರುತ್ತದೆ. ಬೇಸಗೆಯಲ್ಲೂ ಬತ್ತದ ಸುರಂಗವಿದೆ. ಅದರ ನೀರು ಕೆಳಗಿನ ಎರಡು ಮನೆಗಳಿಗೂ ಸೇರಿದ್ದು. ಕಾಗದಪತ್ರಗಳು ಸರಿಯಾಗಿವೆ. ಆಸಕ್ತರು ಭಾನುವಾರ ಬೆಳಿಗ್ಗೆ ಬಂದು ನೋಡಬಹುದು.’

ಅಮ್ಮನಿಗೆ ಓದಿ ಹೇಳಿದೆ. ಕಣ್ಣು ಮುಚ್ಚಿ ಕೇಳಿದವರು, “ಬೆಳಿಗ್ಗೆ ಬೇಡ, ಸಾಯಂಕಾಲ ಅಂತ ಬರಿ. ಸಾಯಂಕಾಲ ಅಂಗಳಕ್ಕೆ ಬಿಸಿಲು ಲಾಯ್ಕ ಬೀಳ್ತದೆ” ಎಂದರು.

ತಿದ್ದಿ ಕಳುಹಿಸಿದ್ದೇನೆ.